ಉಸಿರೋ, ನಾಡಿಯೋ?

ಬೀದರ ನಗರದ ಹಳೆಯ ಪೇಟೆಯ ನಡುವೆ ಮಹಮೂದ್ ಗವಾನನ ಮದರಸಾ ನಿಂತಿದೆ. ಭಾಲ್ಕಿಯಿಂದಲೋ ಔರಾದದಿಂದಲೋ ಸಂತೆಗೆ, ಕಚೇರಿಯ ಕೆಲಸಕ್ಕೆ, ಆಸ್ಪತ್ರೆಗೆ ಎಂದು ಬೀದರಕ್ಕೆ ಬಂದವರು ಅದರ ಮುಂಭಾಗದಲ್ಲಿ ಉಳಿದಿರುವ ಒಂದೇ ಮಿನಾರನ್ನೂ ಗೋಡೆಯ ಮೇಲೆ ಅಲ್ಲಲ್ಲಿ ಮಿನುಗುವ ನೀಲಿ ಹೆಂಚುಗಳನ್ನೂ ಕಂಡಿರುತ್ತಾರೆ. ಗವಾನನು ಪರ್ಷಿಯಾದ ಗೀಲಾನ್ ಪ್ರಾಂತದವನು. ವ್ಯಾಪಾರಿಯಾಗಿ ಈ ನಾಡಿಗೆ ಬಂದು ಬಹಮನಿ ಸುಲ್ತಾನರ ಪ್ರಧಾನಮಂತ್ರಿಯ ಪದವಿಗೇರಿದವನು. 1472ರಲ್ಲಿ ಅವನು ಕಟ್ಟಿಸಿದ ಈ ವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಮೂವತ್ತಾರು ಕೋಣೆಗಳು, ಅಧ್ಯಾಪಕರಿಗೆ ವಸತಿ, ಉಪನ್ಯಾಸದ ಹಜಾರಗಳು ಇದ್ದವು. ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂಬುದು ಪರಂಪರೆಯಿಂದ ಬಂದ ಮಾತು. ಗವಾನನು ದೂರದ ನಾಡುಗಳ ವಿದ್ವಾಂಸರೊಡನೆ ಪತ್ರವ್ಯವಹಾರ ನಡೆಸಿ, ಅವರನ್ನು ಬೀದರಕ್ಕೆ ಬರಮಾಡಿಕೊಳ್ಳಲು ಆಸೆಪಟ್ಟವನು. 1481ರಲ್ಲಿ ಸುಲ್ತಾನನ ಅಪ್ಪಣೆಯಂತೆ ಅವನ ಶಿರಚ್ಛೇದವಾಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಭಾಗವೇ ಕುಸಿದುಹೋಯಿತು.

ಒಬ್ಬನು ಧನವನ್ನು ಕೊಡುವುದು, ಮತ್ತೊಬ್ಬನು ಕಡಲಾಚೆಯಿಂದ ವಿದ್ಯೆಯನ್ನು ತರುವುದು, ಇಬ್ಬರೂ ಕೂಡಿ ಒಂದು ಕಾರ್ಯವನ್ನು ನಡೆಸುವುದು ನಮ್ಮ ನೆಲಕ್ಕೆ ಹೀಗೆ ಐನೂರು ವರ್ಷಗಳ ಹಳೆಯ ಸಂಗತಿ. ಆದರೆ ಈ ಕೂಟದಲ್ಲಿ ಒಂದು ಕಠಿಣವಾದ ಪ್ರಶ್ನೆಯೂ ಅಡಗಿದೆ. ಸತ್ಯವನ್ನು ಹುಡುಕಲೆಂದು ಹಣ ಕೊಟ್ಟವನಿಗೆ, ಅಥವಾ ಆ ಹಣವನ್ನು ಕೇಳಿ ಪಡೆದವನಿಗೆ, ಇಂಥದೇ ಉತ್ತರ ಬರಲಿ ಎಂಬ ಬಯಕೆ ಮೊದಲೇ ಇದ್ದರೆ ಗತಿಯೇನು? ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿಯದೆ ಜೀವಮರಣದ ಪ್ರಶ್ನೆಯಾದ ಒಂದು ಪ್ರಸಂಗ ಹೈದರಾಬಾದಿನಲ್ಲಿ ನಡೆಯಿತು. ಬೀದರ, ಭಾಲ್ಕಿ, ಔರಾದಗಳು ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದವು. 1948ರಲ್ಲಿ ಆ ರಾಜ್ಯವು ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಕನ್ನಡ ನಾಡಿಗೆ ಸೇರುವವರೆಗೆ ಇಲ್ಲಿಯವರಿಗೆ ರಾಜಧಾನಿಯೆಂದರೆ ಹೈದರಾಬಾದೇ.

ಪ್ರಸಂಗದ ಮೂಲವನ್ನು ತಿಳಿಯಲು ನಾವು ಇನ್ನೂ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ಅರಿವಳಿಕೆ ಎಂಬುದು ಬರುವುದಕ್ಕೆ ಮುಂಚೆ ಶಸ್ತ್ರಚಿಕಿತ್ಸೆಯೆಂದರೆ ನರಕಯಾತನೆ. ರೋಗಿಯನ್ನು ನಾಲ್ವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಗಿತ್ತು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ಎಂಬ ಸಿಹಿವಾಸನೆಯ ದ್ರವವನ್ನು ಅರಿವಳಿಕೆಯಾಗಿ ಬಳಕೆಗೆ ತಂದನು. ಅರಿವೆಯ ಮೇಲೆ ಕೆಲವು ಹನಿ ಸುರಿದು ಮೂಗಿನ ಬಳಿ ಹಿಡಿದರೆ ಸಾಕು, ರೋಗಿ ನಿದ್ರೆಗೆ ಜಾರುತ್ತಿದ್ದನು. ಲೋಕವೇ ಹರ್ಷಿಸಿತು. ಆದರೆ ಆ ಹರ್ಷ ಮೂರು ತಿಂಗಳೂ ಬಾಳಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಸಮೀಪದ ವಿನ್ಲೇಟನ್ ಎಂಬಲ್ಲಿ ಹ್ಯಾನಾ ಗ್ರೀನರ್ ಎಂಬ ಹುಡುಗಿಯ ಕಾಲಿನ ಬೆರಳುಗುರನ್ನು ತೆಗೆಯಲು ಕ್ಲೋರೋಫಾರ್ಮ್ ಕೊಟ್ಟರು. ಅವಳು ಮೊದಲೇ ಬಹಳ ಹೆದರಿದ್ದಳು. ಕೆಲವೇ ನಿಮಿಷಗಳಲ್ಲಿ ಅವಳ ಪ್ರಾಣ ಹೋಯಿತು. ಅವಳಿಗೆ ಹದಿನೈದು ವರ್ಷ. ಈ ಪಾಠವನ್ನು ಓದುವವರ ವಯಸ್ಸೇ ಎನ್ನಬಹುದು.

ಅವಳು ಏಕೆ ಸತ್ತಳು? ವೈದ್ಯರಲ್ಲಿ ಎರಡು ಪಕ್ಷಗಳಾದವು. ಕ್ಲೋರೋಫಾರ್ಮ್ ಕೆಲವೊಮ್ಮೆ ಹೃದಯವನ್ನೇ ಥಟ್ಟನೆ ನಿಲ್ಲಿಸುತ್ತದೆ, ಆದ್ದರಿಂದ ವೈದ್ಯನ ಬೆರಳು ಸದಾ ನಾಡಿಯ ಮೇಲಿರಬೇಕು ಎಂದು ಲಂಡನ್ನಿನ ಜಾನ್ ಸ್ನೋ ಮತ್ತು ಅವನ ಅನುಯಾಯಿಗಳು ವಾದಿಸಿದರು. ಇಲ್ಲ, ಮೊದಲು ನಿಲ್ಲುವುದು ಉಸಿರಾಟ, ಉಸಿರನ್ನು ನೋಡಿಕೊಂಡರೆ ಸಾಕು, ನಾಡಿಯ ಚಿಂತೆ ಬೇಡ ಎಂದು ಎಡಿನ್‌ಬರೋದ ಶಸ್ತ್ರವೈದ್ಯ ಜೇಮ್ಸ್ ಸೈಮ್‌ನ ಶಿಷ್ಯವರ್ಗ ಹೇಳಿತು. ಇದು ಶುಷ್ಕ ಪಾಂಡಿತ್ಯದ ಜಗಳವಲ್ಲ. ಉತ್ತರ ತಪ್ಪಾದರೆ ಮೇಜಿನ ಮೇಲೆ ಮಲಗಿದವನು ಏಳುವುದಿಲ್ಲ.

ಸೈಮ್‌ನ ಶಿಷ್ಯರಲ್ಲಿ ಒಬ್ಬನು ಎಡ್ವರ್ಡ್ ಲಾರಿ. ಅವನು ಹೈದರಾಬಾದಿನಲ್ಲಿ ರೆಸಿಡೆನ್ಸಿಯ ಶಸ್ತ್ರವೈದ್ಯನೂ ಅಲ್ಲಿನ ವೈದ್ಯಶಾಲೆಯ ಮುಖ್ಯಸ್ಥನೂ ಆಗಿದ್ದನು. ಸಹಸ್ರಾರು ರೋಗಿಗಳಿಗೆ ಗುರುವಿನ ಕ್ರಮದಂತೆ, ಉಸಿರನ್ನು ಮಾತ್ರ ಗಮನಿಸುತ್ತ, ಕ್ಲೋರೋಫಾರ್ಮ್ ಕೊಟ್ಟು ಯಶಸ್ವಿಯಾದೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದನು. ತನ್ನ ಶಾಲೆಯಲ್ಲಿ ಹೆಣ್ಣುಮಕ್ಕಳಿಗೂ ವೈದ್ಯವಿದ್ಯೆಯನ್ನು ಕಲಿಸಿದ್ದು ಅವನ ದೊಡ್ಡ ಗುಣ. ಅಲ್ಲಿ ಕಲಿತ ಪಾರಸಿ ಯುವತಿ ರೂಪಾಬಾಯಿ ಫರ್ದೂನ್‌ಜಿ ಮುಂದೆ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಬಹುಕಾಲ ಅರಿವಳಿಕೆ ನೀಡುವ ಕಾರ್ಯವನ್ನೇ ನಡೆಸಿದಳು. ಜಗತ್ತಿನಲ್ಲಿ ಈ ಕಾರ್ಯವನ್ನು ಕೈಗೊಂಡ ಮೊಟ್ಟಮೊದಲ ಮಹಿಳೆಯರ ಸಾಲಿನಲ್ಲಿ ಅವಳ ಹೆಸರನ್ನು ಇಂದು ಹೇಳುತ್ತಾರೆ.

1888ರಲ್ಲಿ ಲಾರಿಯು ನಿಜಾಮರ ಸರ್ಕಾರದ ಬೆಂಬಲದಿಂದ ಒಂದು ಆಯೋಗವನ್ನು ರಚಿಸಿ, ನೂರಕ್ಕೂ ಹೆಚ್ಚು ನಾಯಿಗಳ ಮೇಲೆ ಪ್ರಯೋಗ ಮಾಡಿದನು. ಪ್ರತಿ ಬಾರಿಯೂ ಮೊದಲು ಉಸಿರು ನಿಂತಿತು, ಹೃದಯ ಆಮೇಲೆ ನಿಂತಿತು ಎಂದು ವರದಿ ಬರೆದನು. ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ‘ಲ್ಯಾನ್ಸೆಟ್’ ಇದನ್ನು ಸುಲಭವಾಗಿ ನಂಬಲಿಲ್ಲ. ಆಗ ಹೈದರಾಬಾದಿನಿಂದ ಬಂದ ಉತ್ತರ ಯಾರೂ ನಿರೀಕ್ಷಿಸದಂಥದು. ನಿಮಗೆ ಸಂಶಯವಿದ್ದರೆ ನಿಮ್ಮ ವಿಶ್ವಾಸಕ್ಕೆ ಪಾತ್ರನಾದ ವಿಜ್ಞಾನಿಯೊಬ್ಬನನ್ನು ಕಳುಹಿಸಿ, ಅವನ ಕಣ್ಣೆದುರಿಗೇ ಪ್ರಯೋಗಗಳನ್ನು ಮತ್ತೆ ಮಾಡೋಣ, ವೆಚ್ಚಕ್ಕೆ ಒಂದು ಸಾವಿರ ಪೌಂಡು ಕೊಡುತ್ತೇವೆ ಎಂಬುದು ಅದರ ಭಾವ. ಹಣ ಕೊಟ್ಟವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು. ಅವರಿಗೆ ಆಗ ಇಪ್ಪತ್ಮೂರರ ವಯಸ್ಸು. ಪ್ರಧಾನಮಂತ್ರಿಯಾಗಿದ್ದವರು ಸರ್ ಆಸ್ಮಾನ್ ಜಾಹ್.

ಇದನ್ನು ದಾನವೆಂದು ಕರೆಯಬಹುದೇ ಎಂಬುದನ್ನು ಸ್ವಲ್ಪ ಯೋಚಿಸಬೇಕು. ರಾಜ್ಯದ ಬೊಕ್ಕಸಕ್ಕೆ ಮುಖ್ಯ ಆದಾಯ ಭೂಕಂದಾಯ. ಎಂದರೆ ಹೊಲದಲ್ಲಿ ಜೋಳ, ತೊಗರಿ ಬೆಳೆದ ರೈತರ ಬೆವರೂ ಆ ಸಾವಿರ ಪೌಂಡಿನಲ್ಲಿ ಬೆರೆತಿತ್ತು. ಅವರನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಅಂದು ಇರಲಿಲ್ಲ. ಆದರೂ ಒಂದು ಮಾತನ್ನು ಒಪ್ಪಬೇಕು. ಅಂದಿನ ಅರಸರಲ್ಲಿ ಅನೇಕರು ಬೇಟೆಗೂ ದರ್ಬಾರಿಗೂ ಲಕ್ಷಗಟ್ಟಲೆ ಸುರಿಯುತ್ತಿದ್ದಾಗ, ರೋಗಿಯ ಪ್ರಾಣವನ್ನು ಉಳಿಸುವ ಬಗೆ ಯಾವುದೆಂಬ ಪ್ರಶ್ನೆಗೆ ಹಣ ಕೊಟ್ಟು, ಅದೂ ಸಂಶಯಪಟ್ಟವರನ್ನೇ ಮನೆಗೆ ಆಹ್ವಾನಿಸಿದ್ದು ಸಾಮಾನ್ಯ ಸಂಗತಿಯಲ್ಲ.

ಲ್ಯಾನ್ಸೆಟ್ ಆರಿಸಿ ಕಳುಹಿಸಿದ ವಿಜ್ಞಾನಿ ಡಾಕ್ಟರ್ ಥಾಮಸ್ ಲಾಡರ್ ಬ್ರಂಟನ್. ಎದೆನೋವಿಗೆ ಅಮೈಲ್ ನೈಟ್ರೈಟ್ ಎಂಬ ಔಷಧವನ್ನು 1867ರಲ್ಲಿ ತೋರಿಸಿಕೊಟ್ಟು ಹೆಸರು ಮಾಡಿದವನು ಅವನು. ಹೃದಯ ಮತ್ತು ಔಷಧಗಳ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು. ಕ್ಲೋರೋಫಾರ್ಮ್ ಹೃದಯವನ್ನು ನಿಲ್ಲಿಸಬಲ್ಲುದೆಂಬುದೇ ಅವನ ಅಭಿಪ್ರಾಯವೂ ಆಗಿತ್ತು. 1889ರ ಅಕ್ಟೋಬರಿನಲ್ಲಿ ಅವನು ಹೈದರಾಬಾದಿಗೆ ಬಂದನು. ಲಾರಿ, ಬ್ರಂಟನ್, ಜೆರಾಲ್ಡ್ ಬಾಂಫರ್ಡ್ ಎಂಬ ಇನ್ನೊಬ್ಬ ವೈದ್ಯ, ಹೈದರಾಬಾದಿನ ಡಾಕ್ಟರ್ ರುಸ್ತಮ್‌ಜಿ ಇವರು ಎರಡನೆಯ ಆಯೋಗದ ಸದಸ್ಯರಾದರು.

ಎರಡು ತಿಂಗಳ ಕಾಲ ಬಿಡುವಿಲ್ಲದೆ ಪ್ರಯೋಗಗಳು ನಡೆದವು. ನಾಯಿ, ಕುದುರೆ, ಕೋತಿ, ಮೇಕೆ, ಬೆಕ್ಕು, ಮೊಲ ಎಲ್ಲ ಸೇರಿ 490 ಪ್ರಾಣಿಗಳನ್ನು ಬಳಸಿಕೊಂಡರು. ಅವುಗಳಲ್ಲಿ 120 ಪ್ರಾಣಿಗಳ ರಕ್ತದ ಒತ್ತಡವನ್ನು ಯಂತ್ರದಿಂದ ಅಳೆದು, ಅದು ಗೀಚಿದ ಗೆರೆಗಳ ಛಾಯಾಚಿತ್ರಗಳನ್ನೂ ತೆಗೆದಿಟ್ಟರು. ಇಷ್ಟು ಮೂಕಪ್ರಾಣಿಗಳ ಲೆಕ್ಕವನ್ನು ಓದುವಾಗ ಮನಸ್ಸು ಮುದುಡಿಕೊಳ್ಳುತ್ತದೆ. ಇಂದು ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಬೇಕಾದರೆ ಅದಕ್ಕೆಂದೇ ಇರುವ ಸಮಿತಿಯ ಒಪ್ಪಿಗೆ ಬೇಕು. ಅಂದು ಅಂಥ ಕಟ್ಟಳೆ ಇರಲಿಲ್ಲ. ಪರಿಣಾಮವಾಗಿ ಬ್ರಂಟನ್ನನ ಅಭಿಪ್ರಾಯವೇ ಬದಲಾಯಿತು. ಅಪಾಯವಿರುವುದು ಉಸಿರು ಕಟ್ಟುವುದರಿಂದ ಅಥವಾ ಔಷಧದ ಪ್ರಮಾಣ ಮೀರುವುದರಿಂದ, ಹೃದಯಕ್ಕೆ ನೇರವಾದ ಅಪಾಯವಿಲ್ಲ ಎಂಬ ಅರ್ಥದ ತಂತಿಯನ್ನು ಅವನು ಲಂಡನ್ನಿಗೆ ಕಳುಹಿಸಿದನು. 1890ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿಸ್ತಾರವಾದ ವರದಿ ಪ್ರಕಟವಾಯಿತು. ಲಾರಿಯ ಪಕ್ಷ ಗೆದ್ದಿತು. ಹೈದರಾಬಾದಿನ ಹೆಸರು ಯೂರೋಪಿನ ವೈದ್ಯಶಾಲೆಗಳಲ್ಲೆಲ್ಲ ಕೇಳಿಬಂದಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಇದು ಒಂದು ವಿಜಯದ ಕಥೆಯಾಗುತ್ತಿತ್ತು. ಆದರೆ ಲಾರಿಯ ಉತ್ತರ ಪೂರ್ಣ ಸತ್ಯವಾಗಿರಲಿಲ್ಲ.

ವರದಿಯನ್ನು ಓದಿದ ಇತರ ಶರೀರವಿಜ್ಞಾನಿಗಳು ಸುಮ್ಮನಿರಲಿಲ್ಲ. ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ ಎಂಬ ಇಬ್ಬರು ಒಂದು ಜಾಣತನದ ಪ್ರಯೋಗವನ್ನು ಹೂಡಿದರು. ಒಂದು ಪ್ರಾಣಿಯ ಮಿದುಳಿಗೆ ಹರಿಯುವ ರಕ್ತವು ಇನ್ನೊಂದು ಪ್ರಾಣಿಯಿಂದ ಬರುವಂತೆ ನಾಳಗಳನ್ನು ಜೋಡಿಸಿದರು. ಆಗ ಕ್ಲೋರೋಫಾರ್ಮನ್ನು ಮಿದುಳಿಗೆ ಮಾತ್ರ, ಇಲ್ಲವೇ ಹೃದಯಕ್ಕೆ ಮಾತ್ರ ತಲುಪಿಸುವುದು ಸಾಧ್ಯವಾಯಿತು. ಕ್ಲೋರೋಫಾರ್ಮ್ ಹೃದಯದ ಮೇಲೆ ನೇರವಾಗಿಯೇ ಕೆಲಸ ಮಾಡುತ್ತದೆಂದು 1893ರಲ್ಲಿ ಅವರು ತೋರಿಸಿದರು. ಲಾರಿ ಒಪ್ಪಲಿಲ್ಲ; ಕೊನೆಯವರೆಗೂ ಗುರುವಿನ ಮಾತನ್ನೇ ಹಿಡಿದು ನಿಂತನು. ಕೊನೆಗೆ 1911ರಲ್ಲಿ ಗುಡ್‌ಮನ್ ಲೆವಿ ಎಂಬ ಲಂಡನ್ ವೈದ್ಯನು ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗಗಳಿಂದ ಗಂಟು ಬಿಡಿಸಿದನು. ಕ್ಲೋರೋಫಾರ್ಮ್ ಅತಿಯಾಗಿ ಸೇರಿದಾಗ ಉಸಿರು ಮೊದಲು ನಿಲ್ಲುವುದು ನಿಜವೇ. ಆದರೆ ಅರಿವಳಿಕೆ ಇನ್ನೂ ಹಗುರವಾಗಿದ್ದು, ಅದೇ ಸಮಯದಲ್ಲಿ ರಕ್ತಕ್ಕೆ ಅಡ್ರಿನಲಿನ್ ಎಂಬ ದ್ರವ್ಯ ಸೇರಿದರೆ, ಹೃದಯದ ಸ್ನಾಯುಗಳು ತಾಳ ತಪ್ಪಿ ಅದುರತೊಡಗುತ್ತವೆ. ಅಂಥ ಹೃದಯ ರಕ್ತವನ್ನು ಮುಂದೂಡಲಾರದು. ಕ್ಷಣಾರ್ಧದಲ್ಲಿ ಮರಣ ಬರುತ್ತದೆ.

ಅಡ್ರಿನಲಿನ್ ಎಲ್ಲಿಂದ ಬರುತ್ತದೆ? ನಾವು ಹೆದರಿದಾಗ ನಮ್ಮ ದೇಹವೇ ಅದನ್ನು ರಕ್ತಕ್ಕೆ ಸುರಿಸುತ್ತದೆ. ಇದನ್ನು ತಿಳಿದ ಮೇಲೆ ವಿನ್ಲೇಟನ್ನಿನ ಆ ಹೆದರಿದ ಹುಡುಗಿಯ ನೆನಪಾಗದೆ ಇರದು. ಕೆಲವೇ ಉಸಿರಿನಷ್ಟು ಕ್ಲೋರೋಫಾರ್ಮ್, ಎದೆಯ ತುಂಬ ಭಯ.

ಹೈದರಾಬಾದಿನಲ್ಲಿ ತಪ್ಪಾದದ್ದು ಎಲ್ಲಿ? ಅಳತೆಯಲ್ಲಿ ಮೋಸವಿರಲಿಲ್ಲ. ಗೆರೆಗಳನ್ನು ಯಾರೂ ತಿದ್ದಲಿಲ್ಲ. ಬ್ರಂಟನ್ ಪ್ರಾಮಾಣಿಕನು, ಸಾವಿರ ಪೌಂಡಿಗೆ ಅವನು ತನ್ನ ಮತವನ್ನು ಮಾರಿದನೆಂದು ಹೇಳುವುದು ಅನ್ಯಾಯ. ದೋಷವಿದ್ದದ್ದು ಪ್ರಶ್ನೆಯನ್ನು ಕೇಳಿದ ರೀತಿಯಲ್ಲಿ. ಬಹುಪಾಲು ಪ್ರಯೋಗಗಳಲ್ಲಿ ಪ್ರಾಣಿಗೆ ಔಷಧವನ್ನು ಸಾಯುವಷ್ಟು ಕೊಟ್ಟು, ಯಾವುದು ಮೊದಲು ನಿಲ್ಲುತ್ತದೆಂದು ನೋಡಿದರು. ಅಂಥ ಸ್ಥಿತಿಯಲ್ಲಿ ಉಸಿರೇ ಮೊದಲು ನಿಲ್ಲುತ್ತದೆ. ಹಗುರವಾದ ಅರಿವಳಿಕೆ, ಭಯ, ಅಡ್ರಿನಲಿನ್ ಇವು ಕೂಡುವ ಸಂದರ್ಭವನ್ನು ಅವರು ಬೇರೆಯಾಗಿ ಹುಡುಕಲೇ ಇಲ್ಲ. ಲಾರಿಗೆ ಉತ್ತರ ಮೊದಲೇ ಗೊತ್ತಿತ್ತಲ್ಲ! ಸಂಶಯಪಟ್ಟವನನ್ನು ಕರೆಸಿಕೊಂಡರು ಸರಿ. ಆದರೆ ಅವನು ಕೇಳಬೇಕಾದ ಪ್ರಶ್ನೆಯನ್ನು ಮನೆಯವರೇ ಸಿದ್ಧಪಡಿಸಿಟ್ಟಿದ್ದರು. 490 ಪ್ರಾಣಿಗಳ ಸಂಖ್ಯೆ ಆ ಕೊರತೆಯನ್ನು ಮುಚ್ಚಿತೇ ಹೊರತು ತುಂಬಲಿಲ್ಲ.

ಆದರೂ ಆಯೋಗದ ಶ್ರಮ ವ್ಯರ್ಥವಾಯಿತೆನ್ನುವಂತಿಲ್ಲ. ಉಸಿರಾಟದ ಮೇಲೆ ಕಣ್ಣಿಡಬೇಕೆಂಬ ಅದರ ಒತ್ತಾಯ ಅನೇಕ ಪ್ರಾಣಗಳನ್ನು ಉಳಿಸಿದ್ದಿರಬೇಕು. ಅದು ತನ್ನ ದಾಖಲೆಗಳನ್ನೆಲ್ಲ ಬಹಿರಂಗವಾಗಿ ಮುದ್ರಿಸಿದ್ದರಿಂದಲೇ ಅದರ ದೋಷವನ್ನು ಹುಡುಕುವುದು ಇತರರಿಗೆ ಸುಲಭವಾಯಿತು. ಕ್ಲೋರೋಫಾರ್ಮ್ ಇಪ್ಪತ್ತನೆಯ ಶತಮಾನದಲ್ಲಿ ಕ್ರಮೇಣ ಬಳಕೆ ತಪ್ಪಿತು. ಇಂದು ಶಸ್ತ್ರಚಿಕಿತ್ಸೆಯ ಕೋಣೆಗೆ ಹೋದರೆ ರೋಗಿಯ ಬೆರಳ ತುದಿಗೆ ಒಂದು ಕ್ಲಿಪ್ಪು, ಎದೆಗೆ ತಂತಿಗಳು, ಪಕ್ಕದಲ್ಲಿ ಒಂದು ಪರದೆ ಇರುತ್ತವೆ. ಆ ಪರದೆಯ ಮೇಲೆ ಹೃದಯದ ಗೆರೆಯೂ ಉಸಿರಿನ ಗೆರೆಯೂ ಒಟ್ಟಿಗೇ ಓಡುತ್ತಿರುತ್ತವೆ. ಅರಿವಳಿಕೆ ತಜ್ಞರು ಎರಡರಿಂದಲೂ ಕಣ್ಣು ಕೀಳುವುದಿಲ್ಲ.

ಹೈದರಾಬಾದಿನ ಪ್ರಸಂಗಕ್ಕೆ ಎದುರಾಗಿ ನಮ್ಮ ನಾಡಿನದೇ ಮತ್ತೊಂದು ಪ್ರಸಂಗವನ್ನಿಟ್ಟು ನೋಡಬಹುದು. ಇದು ನಡೆದದ್ದು ಬೀದರದ ಬಯಲಿನಿಂದ ಬಹುದೂರದ ಮಲೆನಾಡಿನಲ್ಲಿ. 1957ರ ಆರಂಭದ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿನಂಚಿನ ಹಳ್ಳಿಗಳ ಜನ ಉಗ್ರವಾದ ಜ್ವರದಿಂದ ಮಲಗಿದರು; ಕೆಲವರು ತೀರಿಕೊಂಡರು. ಸುದ್ದಿ ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೆ ಮುಟ್ಟಿತು. ಈ ಕೇಂದ್ರವನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ಸ್ಥಾಪಿಸಿದ್ದವು. ಎಣ್ಣೆಯ ವ್ಯಾಪಾರದಲ್ಲಿ ಅಪಾರ ಧನವನ್ನು ಗಳಿಸಿದ ಜಾನ್ ಡಿ. ರಾಕ್‌ಫೆಲರ್ 1913ರಲ್ಲಿ ಆರಂಭಿಸಿದ ದಾನಸಂಸ್ಥೆ ಅದು. ಪುಣೆಯಲ್ಲಿ ಅಮೆರಿಕದ ವಿಜ್ಞಾನಿಗಳೂ ಭಾರತದ ವಿಜ್ಞಾನಿಗಳೂ ಒಂದೇ ಮೇಜಿನ ಸುತ್ತ ಕೆಲಸ ಮಾಡುತ್ತಿದ್ದರು.

ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿರುವರೆಂದು ಕೇಳಿದೊಡನೆ ಅವರ ಮನಸ್ಸಿಗೆ ಬಂದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ರೋಗ ಹೀಗೆಯೇ ವರ್ತಿಸುತ್ತದೆ. ಏಷ್ಯಾ ಖಂಡಕ್ಕೆ ಅದು ಎಂದೂ ಕಾಲಿಟ್ಟಿರಲಿಲ್ಲ, ಇಟ್ಟರೆ ಅನಾಹುತ. ಹಳದಿ ಜ್ವರವೆಂದರೆ ರಾಕ್‌ಫೆಲರ್ ಪ್ರತಿಷ್ಠಾನದ ಜೀವಮಾನದ ಕಾರ್ಯವೂ ಹೌದು. ಆ ರೋಗದ ಲಸಿಕೆಯನ್ನು ರೂಪಿಸಿದ ಮ್ಯಾಕ್ಸ್ ಥೀಲರ್ ಅದರ ಪ್ರಯೋಗಾಲಯದವನು. ಅದಕ್ಕಾಗಿ 1951ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು. ಹೀಗಿರುವಾಗ ಕ್ಯಾಸನೂರಿನಲ್ಲಿಯೂ ಹಳದಿ ಜ್ವರವನ್ನೇ ಕಾಣುವ ಒಲವು ಸಹಜವಾಗಿತ್ತು.

ಆದರೆ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಊಹೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅದನ್ನು ಪರೀಕ್ಷೆಗೆ ಒಡ್ಡಿದರು. ಸತ್ತ ಮಂಗದಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಮಿದುಳು ಜ್ವರವನ್ನುಂಟುಮಾಡುವ ವೈರಸ್ಸಿನ ಬಳಗಕ್ಕೆ ಸೇರಿದ, ಆದರೆ ಲೋಕಕ್ಕೆ ಹೊಸದಾದ ವೈರಸ್ ಅದು. ಅದನ್ನು ಹರಡುವುದು ಸೊಳ್ಳೆಯಲ್ಲ, ದನಕರುಗಳ ಮೈಗೂ ಕಚ್ಚಿಕೊಳ್ಳುವ ಉಣ್ಣೆ. ಊಹೆ ಸುಳ್ಳಾಯಿತು, ಅದರಿಂದ ಯಾರಿಗೂ ಅಪಮಾನವೆನಿಸಲಿಲ್ಲ. ರೋಗಕ್ಕೆ ಕ್ಯಾಸನೂರು ಕಾಡಿನ ಹೆಸರೇ ನಿಂತಿತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಪಿ. ಕೆ. ರಾಜಗೋಪಾಲನ್ ಮೊದಲಾದ ಭಾರತೀಯ ವಿಜ್ಞಾನಿಗಳು ಸಾಗರದ ಕ್ಷೇತ್ರ ಕೇಂದ್ರದಲ್ಲಿದ್ದುಕೊಂಡು, ಕಾಡಿನಲ್ಲಿ ಉಣ್ಣೆಗಳನ್ನು ಹುಡುಕುತ್ತ ವರ್ಷಗಟ್ಟಲೆ ದುಡಿದರು. ಕಾಲಕ್ರಮದಲ್ಲಿ ಅಮೆರಿಕದ ಪ್ರತಿಷ್ಠಾನ ಹಿಂದೆ ಸರಿಯಿತು. ಕೇಂದ್ರ ಪೂರ್ತಿಯಾಗಿ ನಮ್ಮವರ ಕೈಗೆ ಬಂದು 1978ರಲ್ಲಿ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಯಿತು. ಮಂಗನ ಕಾಯಿಲೆ ಮಾತ್ರ ಇನ್ನೂ ಮಲೆನಾಡನ್ನು ಬಿಟ್ಟು ಹೋಗಿಲ್ಲ.

ದಾನದ ಹಣವನ್ನು ಹಂಚುವ ಕ್ರಮವೂ ಈ ನೂರು ಚಿಲ್ಲರೆ ವರ್ಷಗಳಲ್ಲಿ ಬದಲಾಗಿದೆ. ಔಷಧದ ವ್ಯಾಪಾರಿ ಸರ್ ಹೆನ್ರಿ ವೆಲ್ಕಂ 1936ರಲ್ಲಿ ತೀರಿಕೊಂಡಾಗ, ತನ್ನ ಆಸ್ತಿಯನ್ನು ವೈದ್ಯಕೀಯ ಸಂಶೋಧನೆಗೆ ಮೀಸಲಿಟ್ಟು ಉಯಿಲು ಬರೆದಿದ್ದನು. ಹೀಗೆ ಹುಟ್ಟಿದ ಲಂಡನ್ನಿನ ವೆಲ್ಕಂ ಟ್ರಸ್ಟ್, ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ ಕೂಡಿ 2008ರಲ್ಲಿ ‘ಇಂಡಿಯಾ ಅಲಯನ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಕಚೇರಿಗೆ ಆರಿಸಿಕೊಂಡ ಊರು, ಕಾಕತಾಳೀಯವಾಗಿ, ಹೈದರಾಬಾದು. ಇಲ್ಲಿ ಹಣ ಬೇಡುವ ವಿಜ್ಞಾನಿಯು ತಾನು ಯಾವ ಪ್ರಶ್ನೆಯನ್ನು ಕೇಳುವೆನು, ಅದನ್ನು ಹೇಗೆ ಪರೀಕ್ಷಿಸುವೆನು ಎಂಬುದನ್ನು ಮೊದಲು ಬರೆದು ಕೊಡಬೇಕು. ಅದನ್ನು ಅದೇ ವಿಷಯದಲ್ಲಿ ದುಡಿದ ಹೊರಗಿನ ತಜ್ಞರು ಓದಿ ಗುಣದೋಷಗಳನ್ನು ಹೇಳುತ್ತಾರೆ. ಆಮೇಲೆ ವಿಜ್ಞಾನಿಗಳ ಸಮಿತಿಯೊಂದು ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನಿಸುತ್ತದೆ. ಸಾಯುವಷ್ಟು ಔಷಧವನ್ನೇ ಏಕೆ ಕೊಡುತ್ತೀರಿ, ಸ್ವಲ್ಪ ಕೊಟ್ಟು ಏಕೆ ನೋಡುವುದಿಲ್ಲ ಎಂದು 1889ರಲ್ಲಿ ಲಾರಿಯನ್ನು ಯಾರಾದರೂ ಕೇಳಬಹುದಾಗಿದ್ದ ಜಾಗ ಇದು.

ಬೀದರದಲ್ಲಿ 2004ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ 2007ರಲ್ಲಿ ಸರ್ಕಾರಿ ವೈದ್ಯಕೀಯ ವಿದ್ಯಾಲಯವೂ ಆರಂಭವಾದವು. ಮದರಸಾದ ಮೂವತ್ತಾರು ಕೋಣೆಗಳಲ್ಲಿ ಈಗ ಯಾರೂ ಓದುವುದಿಲ್ಲ. ಪ್ರವಾಸಿಗಳು ಬಂದು ನೋಡಿ ಹೋಗುತ್ತಾರೆ. ಅಲ್ಲಿಂದ ಹೈದರಾಬಾದು ಸುಮಾರು 140 ಕಿಲೋಮೀಟರು. ಭಾಲ್ಕಿ, ಔರಾದಗಳ ಕಡೆಯಿಂದ ದೊಡ್ಡ ಕಾಯಿಲೆಯವರನ್ನು ಕರೆದುಕೊಂಡು ಹೊರಟ ಎಷ್ಟೋ ಗಾಡಿಗಳು ಇಂದಿಗೂ ಹಿಡಿಯುವುದು ಅದೇ ದಾರಿಯನ್ನು.